ಅಡುಗೆಮನೆ ಮುಂದಕ್ಕೆ, ಪಡಸಾಲೆ ಪಕ್ಕಕ್ಕೆ: ಹನ್ನೊಂದು ಮಂದಿಯ ಮನೆಯ ನೆಲಮಹಡಿ

ಪುಣೆಯ ಹೊರವಲಯದ ಲೋಣಿ ಕಾಳಭೋರದಲ್ಲಿ ಮೂರು ಗುಂಟೆ ಜಾಗ ಕೊಂಡಾಗಿನಿಂದ ನಮ್ಮ ಮನೆಯ ಮಾತುಕತೆಯೆಲ್ಲ ಕೋಣೆಗಳ ಎಣಿಕೆಯಲ್ಲೇ ಸುತ್ತುತ್ತಿತ್ತು. ಮೇಲೆ ಎಷ್ಟು, ಕೆಳಗೆ ಎಷ್ಟು, ಯಾರಿಗೆ ಯಾವುದು, ಯಾರ ಕೋಣೆಗೆ ಹೊಂದಿಕೊಂಡು ಬಚ್ಚಲು ಇರುತ್ತದೆ ಎಂಬುದನ್ನು ಬಿಟ್ಟು ಬೇರೆ ವಿಷಯವೇ ಇರಲಿಲ್ಲ. ಮೇಲಿನ ಮಹಡಿಯ ಮಟ್ಟಿಗೆ ಆ ಲೆಕ್ಕ ಸಾಕಾಗುತ್ತದೆ. ಅಲ್ಲಿ ಮಲಗುವುದು, ಓದುವುದು, ಬಾಗಿಲು ಹಾಕಿಕೊಂಡು ಕೂರುವುದು, ಇಷ್ಟೇ ಕೆಲಸ. ನೆಲಮಹಡಿಯ ವಿಚಾರ ಬೇರೆ. ಅಲ್ಲಿ ಹಗಲೆಲ್ಲ ಇರುವವರು ಯಾರು, ಅವರು ಎಲ್ಲಿಂದ ಎಲ್ಲಿಗೆ ಎಷ್ಟು ಸಲ ಓಡಾಡುತ್ತಾರೆ ಎಂಬುದನ್ನು ಮೊದಲು ಬರೆದುಕೊಂಡು, ಗೋಡೆಗಳನ್ನು ಆಮೇಲೆ ಎಳೆಯಬೇಕೆಂದು ನಾನು ಆರಂಭದಿಂದಲೂ ಹೇಳುತ್ತ ಬಂದೆ. ಕೊನೆಗೆ ನಕಾಶೆ ಅದೇ ದಾರಿ ಹಿಡಿಯಿತು. ದೊಡ್ಡ ಸಂಸಾರಕ್ಕೆ ಮನೆ ಕಟ್ಟಿಸಲು ಹೊರಟಿರುವ ನಮ್ಮವರು ಪುಣೆಯ ಸುತ್ತಮುತ್ತ ಅನೇಕರಿದ್ದಾರೆ. ಅವರಿಗೆ ಉಪಯೋಗವಾಗಬಹುದೆಂದು ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮದು ವಿಜಯಪುರದ ಕಡೆಯ ಕುಟುಂಬ. ಮಾವನವರು, ಅತ್ತೆಯವರು, ಮನೆಯವರೆಲ್ಲ ಅಕ್ಕಾರು ಎಂದು ಕರೆಯುವ ಮಾವನವರ ಹಿರಿಯ ಅಕ್ಕ, ಭಾವ, ನೆಗೆಣ್ಣಿ, ಅವರ ಇಬ್ಬರು ಮಕ್ಕಳು, ನಮ್ಮವರು, ನಾನು, ನಮ್ಮ ಇಬ್ಬರು ಮಕ್ಕಳು ಸೇರಿ ಹನ್ನೊಂದು ಮಂದಿ. ಈಗ ಹಡಪಸರದ ಒಂದೇ ಕಟ್ಟಡದ ಎರಡು ಬೇರೆ ಬೇರೆ ಮಹಡಿಗಳ ಫ್ಲ್ಯಾಟುಗಳಲ್ಲಿ ಹಂಚಿಕೊಂಡು ಇದ್ದೇವೆ. ಅಡುಗೆ ಒಂದರಲ್ಲಿ, ಮಲಗುವುದು ಎರಡರಲ್ಲಿ, ಸಾರಿನ ಪಾತ್ರೆ ದಿನವೂ ಲಿಫ್ಟಿನಲ್ಲಿ. ಇದಲ್ಲದೆ ಊರಿನಿಂದ ಬರುವವರು ಇದ್ದೇ ಇರುತ್ತಾರೆ. ದವಾಖಾನೆಗೆ, ಮಕ್ಕಳ ಕಾಲೇಜಿನ ಪ್ರವೇಶಕ್ಕೆ, ಕೆಲಸ ಹುಡುಕಲು ಎಂದು ಸೋಲಾಪುರ ಮಾರ್ಗವಾಗಿ ರಾತ್ರಿ ಬಸ್ಸು ಹತ್ತಿದವರು ಬೆಳಗಿನ ಜಾವ ಐದಕ್ಕೆಲ್ಲ ಬಾಗಿಲಲ್ಲಿ ನಿಂತಿರುತ್ತಾರೆ. ಸೋಲಾಪುರ ರಸ್ತೆಯ ಬದಿಯಲ್ಲೇ ಜಾಗ ಹುಡುಕಿದ್ದಕ್ಕೆ ಅದೂ ಒಂದು ಕಾರಣ.

ಗುಂಟೆಗೆ 1,089 ಚದರ ಅಡಿಯಂತೆ ಮೂರು ಗುಂಟೆ ಎಂದರೆ 3,267 ಚದರ ಅಡಿ. ನಮ್ಮ ಜಾಗದ ಪೂರ್ವಕ್ಕೆ ರಸ್ತೆ. ರಸ್ತೆಯ ಉದ್ದಕ್ಕೆ 45 ಅಡಿ, ಹಿಂದಕ್ಕೆ 72 ಅಡಿಗಿಂತ ತುಸು ಹೆಚ್ಚು. ಮಹಾರಾಷ್ಟ್ರದಲ್ಲಿ 2020ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಏಕೀಕೃತ ಅಭಿವೃದ್ಧಿ ನಿಯಮಾವಳಿಯೇ ಇಲ್ಲಿಗೂ ಅನ್ವಯಿಸುವುದರಿಂದ ಸುತ್ತಲೂ ಎಷ್ಟು ಬಿಡಬೇಕೆಂಬುದು ನಮ್ಮ ಇಷ್ಟಕ್ಕೆ ಬಿಟ್ಟ ಮಾತಲ್ಲ. ಮುಂದೆ 15 ಅಡಿ, ಎರಡೂ ಪಕ್ಕ ಆರಾರು ಅಡಿ, ಹಿಂದೆ 10 ಅಡಿ ಬಿಟ್ಟ ಮೇಲೆ ಕಟ್ಟಲು ಉಳಿದದ್ದು 33 ಅಡಿ ಅಗಲ, 47 ಅಡಿ ಉದ್ದ. ಎಂದರೆ ಸುಮಾರು 1,550 ಚದರ ಅಡಿ. ಕೇಳಲು ದೊಡ್ಡದೆನಿಸುತ್ತದೆ. ಗೋಡೆಗಳ ದಪ್ಪ, ಮೆಟ್ಟಿಲು ಮತ್ತು ಓಡಾಡುವ ದಾರಿಗಳನ್ನು ಕಳೆದು ನೋಡಿದರೆ ದೊಡ್ಡದಲ್ಲವೆಂದು ತಿಳಿಯುತ್ತದೆ.

ವಾಸ್ತುಶಿಲ್ಪಿಗಳು ತಂದ ಮೊದಲ ನಕಾಶೆ ಅಚ್ಚುಕಟ್ಟಾಗಿತ್ತು, ಎಲ್ಲರ ಮನೆಯ ಹಾಗೆಯೂ ಇತ್ತು. ಮುಂಭಾಗದಲ್ಲಿ 15 ಅಡಿಗೆ 20 ಅಡಿಯ ಹಾಲ್, ಅದರ ಮೂಲೆಯಿಂದ ಮೇಲೇರುವ ಮೆಟ್ಟಿಲು, ಹಿಂದುಗಡೆ 9 ಅಡಿಗೆ 10 ಅಡಿಯ ಅಡುಗೆಮನೆ, ನಡುವೆ ಆರು ಕುರ್ಚಿಯ ಊಟದ ಮೇಜು. ಮುನ್ನೂರು ಚದರ ಅಡಿಯ ಆ ಹಾಲಿನಲ್ಲಿ ದಿನಕ್ಕೆ ಎಷ್ಟು ಹೊತ್ತು ಯಾರು ಕೂರುತ್ತಾರೆ ಎಂದು ನಾನು ಕೇಳಿದಾಗ ಉತ್ತರ ಹೇಳಲು ಯಾರಿಗೂ ಆಗಲಿಲ್ಲ. ಸಂಜೆ ಟಿವಿಯ ಮುಂದೆ ಅತ್ತೆಯವರು ಮತ್ತು ಅಕ್ಕಾರು, ರವಿವಾರ ಯಾರಾದರೂ ಬಂದರೆ ಅವರು, ಅಷ್ಟೇ. ಉಳಿದ ಹೊತ್ತೆಲ್ಲ ಮನೆ ನಡೆಯುವುದು ಒಲೆಯ ಸುತ್ತ ಮತ್ತು ಊಟದ ಜಾಗದ ಸುತ್ತ. ಹುಡುಗರು ಅಭ್ಯಾಸಕ್ಕೆ ಕೂರುವುದು ಅಲ್ಲಿ, ಸೊಪ್ಪು ಬಿಡಿಸುವುದು ಅಲ್ಲಿ, ಮಾವನವರು ಪತ್ರಿಕೆ ಓದಿ ಎಲ್ಲರಿಗೂ ಕೇಳುವಂತೆ ಸರಕಾರವನ್ನು ಬಯ್ಯುವುದೂ ಅಲ್ಲಿಯೇ. ಅಷ್ಟು ಜನ ಅಷ್ಟು ಹೊತ್ತು ಇರುವ ಜಾಗವನ್ನು ಹಿಂದಕ್ಕೆ ಒತ್ತಿ, ಖಾಲಿ ಬೀಳುವ ಜಾಗವನ್ನು ಮುಂದೆ ಹರಡುವುದು ಯಾವ ನ್ಯಾಯ?

ಹೀಗಾಗಿ ಅಡುಗೆಮನೆ ಮುಂದಕ್ಕೆ ಬಂತು. ಆಗ್ನೇಯ ಮೂಲೆಯಲ್ಲಿ, ರಸ್ತೆಗೆ ಮುಖ ಮಾಡಿ, 11 ಅಡಿ ಅಗಲ, 14 ಅಡಿ ಉದ್ದ. ರಾಷ್ಟ್ರೀಯ ಕಟ್ಟಡ ಸಂಹಿತೆ ಅಡುಗೆಮನೆಗೆ ಕೇಳುವ ಕನಿಷ್ಠ ಅಳತೆ 5 ಚದರ ಮೀಟರ್, ಎಂದರೆ ಸುಮಾರು 54 ಚದರ ಅಡಿ. ನಮ್ಮದು ಅದರ ಮೂರು ಪಟ್ಟಿಗೆ ಹತ್ತಿರ. ಮನೆಯ ಮುಖದಲ್ಲೇ ಅಡುಗೆಮನೆಯೇ ಎಂದು ಭಾವ ಮುಖ ಕಿವಿಚಿದರು. ಅದರ ಅನುಕೂಲಗಳನ್ನು ಒಂದೊಂದಾಗಿ ಹೇಳಿದ ಮೇಲೆ ಒಪ್ಪಿದರು. ಪೂರ್ವದ ಕಿಟಕಿಯಿಂದ ಗೇಟು ಕಾಣುತ್ತದೆ, ಆದ್ದರಿಂದ ಯಾರು ಬಂದರೆಂದು ನೋಡಲು ಕೈತೊಳೆದುಕೊಂಡು ಓಡಬೇಕಾಗಿಲ್ಲ. ಗ್ಯಾಸ್ ಸಿಲಿಂಡರ್, ಹಾಲು, ಕಾಯಿಪಲ್ಲೆ ಇವೆಲ್ಲ ದಕ್ಷಿಣದ ಪಕ್ಕದ ಓಣಿಯಿಂದ ನೇರವಾಗಿ ಒಳಗೆ ಬರುತ್ತವೆ. ಸಿಲಿಂಡರನ್ನು ಪಡಸಾಲೆಯ ನೆಲದ ಮೇಲೆ ಉರುಳಿಸುವ ಸದ್ದು ಇನ್ನು ಕೇಳಬೇಕಾಗಿಲ್ಲ. ಪುಣೆಯಲ್ಲಿ ಮಳೆಗಾಲದ ಗಾಳಿ ಬೀಸುವುದು ಪಶ್ಚಿಮ ಮತ್ತು ನೈಋತ್ಯದಿಂದ. ಬೇಸಿಗೆಯ ಸಂಜೆಯೂ ಗಾಳಿ ಬಹುಮಟ್ಟಿಗೆ ಪಶ್ಚಿಮದ್ದೇ. ಒಗ್ಗರಣೆಯ ಘಾಟು ಮನೆಯೊಳಗೆ ತಿರುಗದೆ ಪೂರ್ವಕ್ಕೆ ಹೊರಟುಹೋಗಲು ಇದಕ್ಕಿಂತ ಒಳ್ಳೆಯ ಮೂಲೆ ಇಲ್ಲ. ವಾಸ್ತು ನೋಡುವ ನಮ್ಮ ಆಚಾರ್ಯರೂ ಅಗ್ನಿಮೂಲೆ ಎಂದು ಸಂತೋಷಪಟ್ಟದ್ದರಿಂದ ಆ ಒಂದು ವಾದ ಸುಲಭವಾಗಿ ಮುಗಿಯಿತು.

ಒಳಗಿನ ವಿವರಕ್ಕೆ ಬಂದಾಗ ಹೆಚ್ಚು ಹೊತ್ತು ಹಿಡಿದದ್ದು ರೊಟ್ಟಿಯ ಕಟ್ಟೆ. ಮಾಡ್ಯುಲರ್ ಅಡುಗೆಮನೆ ಮಾಡಿಕೊಡುವವರೆಲ್ಲ ಕಟ್ಟೆಯ ಎತ್ತರವನ್ನು 34 ಇಂಚು ಎಂದೇ ಹಿಡಿದು ಬರುತ್ತಾರೆ. ತರಕಾರಿ ಹೆಚ್ಚಲು, ಪಾತ್ರೆ ಇಳಿಸಲು ಅದು ಸರಿ. ಜೋಳದ ರೊಟ್ಟಿ ಬಡಿಯುವುದು ಬೇರೆಯದೇ ಕೆಲಸ. ಹಿಟ್ಟಿನ ಮೇಲೆ ಅಂಗೈ ಬೀಳುವಾಗ ಬಲ ಬರುವುದು ಭುಜದಿಂದ. ಕಟ್ಟೆ ಎತ್ತರವಾದರೆ ಭುಜ ಮೇಲೇರಿ, ಮೊಣಕೈ ಮಡಚಿ, ನಾಲ್ಕನೆಯ ರೊಟ್ಟಿಗೆಲ್ಲ ಕುತ್ತಿಗೆ ಹಿಡಿಯುತ್ತದೆ. ಅತ್ತೆಯವರು ಈಗಿನ ಫ್ಲ್ಯಾಟಿನಲ್ಲಿ ಕಾಲ ಕೆಳಗೆ ಮರದ ಮಣೆ ಇಟ್ಟುಕೊಂಡು ನಿಂತು ಬಡಿಯುತ್ತಾರೆ; ಬೇಯುತ್ತಿರುವ ರೊಟ್ಟಿಯನ್ನು ತಿರುವಲು ಹಂಚಿನ ಕಡೆ ಸರಿಯುವಾಗಲೆಲ್ಲ ಮಣೆ ಇಳಿದು ಮತ್ತೆ ಹತ್ತುತ್ತಾರೆ. ನಾನು ಅವರನ್ನು ಬರಿಗಾಲಲ್ಲಿ ನಿಲ್ಲಿಸಿ, ಕೈ ಇಳಿಬಿಡಲು ಹೇಳಿ, ಮೊಣಕೈಯಿಂದ ಏಳು ಇಂಚು ಕೆಳಗೆ ಗೋಡೆಗೆ ಪೆನ್ಸಿಲಿನಿಂದ ಗುರುತು ಮಾಡಿದೆ. ನೆಲದಿಂದ 29 ಇಂಚು ಬಂತು. ನೆಗೆಣ್ಣಿ ಎತ್ತರದವಳಾದ್ದರಿಂದ ಅವಳ ಗುರುತು 31ಕ್ಕೆ. ಹೊಸ ಅಡುಗೆಮನೆಯ ಪೂರ್ವದ ಕಿಟಕಿಯ ಕೆಳಗೆ ಆರಡಿ ಉದ್ದದ ಕಟ್ಟೆ 29 ಇಂಚು ಎತ್ತರಕ್ಕೆ ಇರುತ್ತದೆ, ಅದಕ್ಕೆ ಅಂಟಿಕೊಂಡೇ ಹಂಚಿಗೆ ಒಂದು ಪ್ರತ್ಯೇಕ ಒಲೆ. ಉಳಿದ ಕಟ್ಟೆಯೆಲ್ಲ 33 ಇಂಚು. ಇಬ್ಬರು ಬೆನ್ನಿಗೆ ಬೆನ್ನು ಮಾಡಿ ನಿಂತರೂ ಮೂರನೆಯವರು ಬಿಸಿ ಪಾತ್ರೆ ಹಿಡಿದು ದಾಟುವಂತೆ ಎರಡು ಕಟ್ಟೆಗಳ ನಡುವೆ ನಾಲ್ಕು ಅಡಿ ಬಿಟ್ಟಿದ್ದೇವೆ.

ಉಗ್ರಾಣದ ಬಗೆಗೂ ಒಂದು ಮಾತು. ಪೇಟೆಯ ಮನೆಗಳಲ್ಲಿ ಉಗ್ರಾಣವೆಂದರೆ ಬಾಗಿಲಿರುವ ಕಪಾಟು. ನಮಗೆ ಊರಿನ ಹೊಲದಿಂದ ಹಿಂಗಾರಿ ಸುಗ್ಗಿಯ ನಂತರ ಮಾಲದಂಡಿ ಜೋಳ ವರ್ಷಕ್ಕಾಗುವಷ್ಟು ಒಮ್ಮೆಲೇ ಬರುತ್ತದೆ. ಜೊತೆಗೆ ಕಡಲೆ, ತೊಗರಿ, ಒಣಮೆಣಸಿನಕಾಯಿ. ಚೀಲಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಗೋಡೆಯಿಂದ ಅರ್ಧ ಅಡಿ ಬಿಟ್ಟು ಜೋಡಿಸಬೇಕು, ಆ ಗೋಡೆಯ ಆಚೆ ಬದಿಗೆ ನೀರಿನ ಪೈಪು ಇರಕೂಡದು. ಆದ್ದರಿಂದ ಅಡುಗೆಮನೆಯ ಹಿಂದೆ ದಕ್ಷಿಣದ ಗೋಡೆಗುಂಟ ಮೊದಲು 6 ಅಡಿಗೆ 8 ಅಡಿಯ ಉಗ್ರಾಣ, ಅದರಾಚೆ ಪಾತ್ರೆ ತಿಕ್ಕುವ, ಬಟ್ಟೆ ಒಗೆಯುವ ಜಾಗ, ಅದರಾಚೆ ಎಲ್ಲರಿಗೂ ಸೇರಿದ ಬಚ್ಚಲು ಮತ್ತು ಶೌಚಾಲಯ ಎಂಬ ಸಾಲು ನಿಗದಿಯಾಯಿತು. ತಿಕ್ಕುವ ಜಾಗದ ನಲ್ಲಿಗಳನ್ನು ಬಚ್ಚಲಿನ ಕಡೆಯ ಗೋಡೆಗೆ ಹಾಕಿಸಿದ್ದರಿಂದ ಉಗ್ರಾಣದ ಗೋಡೆ ಒಣಗಿರುತ್ತದೆ. ಮೇಲಿನ ಮಹಡಿಯ ಬಚ್ಚಲುಗಳೂ ಕೆಳಗಿನ ಬಚ್ಚಲುಗಳ ಮೇಲೆಯೇ ನಿಲ್ಲುತ್ತವೆ. ದೇವರ ಕೋಣೆಯ ಮೇಲಾಗಲಿ ಒಲೆಯ ಮೇಲಾಗಲಿ ಒಂದೂ ಬರುವುದಿಲ್ಲ. ಈ ವಿಷಯದಲ್ಲಿ ಅಕ್ಕಾರ ನೇಮವೂ ಪ್ಲಂಬರನ ಲೆಕ್ಕವೂ ಒಂದೇ ಆದದ್ದು ನಮ್ಮ ಪುಣ್ಯ.

ಮನೆಯ ನಟ್ಟನಡುವೆ ಊಟದ ಜಾಗ, 16 ಅಡಿಗೆ 16 ಅಡಿ, ನೆಲಮಹಡಿಯಲ್ಲಿ ಎಲ್ಲಕ್ಕಿಂತ ದೊಡ್ಡದು. ಮೇಜಿನ ಸುತ್ತ ಒಬ್ಬೊಬ್ಬರಿಗೆ ಎರಡು ಅಡಿ ಅಗಲ ಬೇಕು. ಎಂಟು ಅಡಿ ಉದ್ದ, ಮೂರೂವರೆ ಅಡಿ ಅಗಲದ ಮೇಜಿಗೆ ಹತ್ತು ಮಂದಿ ಹಿಡಿಸುತ್ತಾರೆ. ಮಾವನವರು ಹೇಗೂ ಎಲ್ಲರಿಗಿಂತ ಮೊದಲೇ ಏಳು ಗಂಟೆಗೆ ಉಣ್ಣುವವರು, ಆದ್ದರಿಂದ ಲೆಕ್ಕ ಸರಿಹೋಗುತ್ತದೆ. ಹಬ್ಬಕ್ಕೆ, ಸೀಮಂತಕ್ಕೆ, ಶ್ರಾದ್ಧಕ್ಕೆ ನೆಲದ ಮೇಲೆ ಪಂಕ್ತಿ ಹಾಕುವುದೂ ಇದೇ ಜಾಗದಲ್ಲಿ. ಎಲೆಯೊಂದಿಗೆ ಕೂತವರಿಗೆ ನಾಲ್ಕು ಅಡಿ ಆಳ, ಎದುರುಬದುರು ಎರಡು ಸಾಲು, ನಡುವೆ ಬಡಿಸುವವರಿಗೆ ಮೂರು ಅಡಿ ಸೇರಿದರೆ ಹನ್ನೊಂದು ಅಡಿ. ಮೇಜನ್ನು ಗೋಡೆಗೆ ಸರಿಸಿಟ್ಟರೂ ಒಂದೇ ಸಲಕ್ಕೆ ಹದಿನಾರು ಎಲೆ ಬೀಳುತ್ತವೆ. ದೊಡ್ಡ ಊಟದ ಕೋಣೆ ಬೇಕೆನ್ನುವವರು ಕುರ್ಚಿಗಳನ್ನಷ್ಟೇ ಎಣಿಸದೆ ಈ ಲೆಕ್ಕವನ್ನೂ ಹಾಕಿ ನೋಡುವುದು ಒಳ್ಳೆಯದು.

ಆದರೆ ನಡುವೆ ಇರುವ ಕೋಣೆಗೆ ಬೆಳಕು ಎಲ್ಲಿಂದ? 33 ಅಡಿ ಅಗಲದ ಮನೆಯ ಮಧ್ಯಭಾಗದಲ್ಲಿ ಮಧ್ಯಾಹ್ನವೂ ದೀಪ ಹಚ್ಚಬೇಕಾಗುತ್ತದೆ. ಪುಣೆಯ ಹಳೆಯ ಪೇಠೆಗಳ ವಾಡೆಗಳಿಗೆ, ಎಂದರೆ ದೊಡ್ಡ ಹಳೆಯ ಮನೆಗಳಿಗೆ, ಈ ತೊಂದರೆ ಇರಲಿಲ್ಲ. ಅವುಗಳಿಗೆ ನಡುವೆ ಚೌಕ, ಎಂದರೆ ಆಕಾಶಕ್ಕೆ ತೆರೆದ ಅಂಗಳ ಇರುತ್ತಿತ್ತು. 19ನೆಯ ಶತಮಾನದ ಆರಂಭದಲ್ಲಿ ಎರಡನೆಯ ಬಾಜೀರಾಯನಿಗಾಗಿ ಕಟ್ಟಿದ ವಿಶ್ರಾಮಬಾಗ್ ವಾಡೆಗೆ ಹೋದರೆ, ಚೌಕವೊಂದು ಸುತ್ತಲಿನ ಕೋಣೆಗಳಿಗೆಲ್ಲ ಹೇಗೆ ಬೆಳಕು ಗಾಳಿ ಹಂಚುತ್ತದೆಂದು ಇಂದಿಗೂ ನೋಡಬಹುದು. ನಮ್ಮ ಹಳೆಯ ಮೈಸೂರು ಕಡೆಯ ತೊಟ್ಟಿಮನೆಯದೂ ಅದೇ ಉಪಾಯ. ಭಾವನಿಗೆ ಚೌಕದ ಮೇಲೆ ಬಹಳ ಆಸೆ. ಎಂಟಡಿಗೆ ಎಂಟಡಿ ಮಾಡಿದರೂ 64 ಚದರ ಅಡಿ ಹೋಗುತ್ತದೆ, ಅದರ ಸುತ್ತ ತಿರುಗುವ ದಾರಿಗೆ ಅದಕ್ಕಿಂತ ಹೆಚ್ಚು ಹೋಗುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ನೆಲದ ಮೇಲೆ ಮಾವನವರು, ಅಕ್ಕಾರು ಕಾಲಿಡುವುದು ಬೇರೆ. ವಾಡೆಗೆ ಚೌಕ ಒಪ್ಪುತ್ತಿದ್ದುದು ವಾಡೆಯ ಜಾಗ ದೊಡ್ಡದಿದ್ದುದರಿಂದ. ಮೂರು ಗುಂಟೆಯಲ್ಲಿ ಅದು ಹಟವಷ್ಟೇ ಆಗುತ್ತದೆ.

ನಾವು ಮಾಡಿದ್ದು ಇಷ್ಟು. ಊಟದ ಜಾಗದ ಉತ್ತರಕ್ಕೆ, ಹೊರಗೋಡೆಗೆ ತಾಗಿಕೊಂಡು ಮೆಟ್ಟಿಲನ್ನು ಇಟ್ಟು, ಮೆಟ್ಟಿಲಿನ ಹಿಂದಿನ ಗೋಡೆಯಲ್ಲಿ ಎರಡೂ ಮಹಡಿಗಳ ಎತ್ತರಕ್ಕೆ ಒಂದು ಉದ್ದನೆಯ ಕಿಟಕಿ ಕೊಟ್ಟೆವು. ಮೆಟ್ಟಿಲಿಗೂ ಊಟದ ಜಾಗಕ್ಕೂ ನಡುವೆ ಗೋಡೆ ಇಲ್ಲ, ಕಟಕಟೆ ಮಾತ್ರ. ಪುಣೆ ಇರುವುದು ಸುಮಾರು 18.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಮಾತ್ರ ಮಧ್ಯಾಹ್ನದ ಸೂರ್ಯ ನೆತ್ತಿಯನ್ನು ದಾಟಿ ಸ್ವಲ್ಪ ಉತ್ತರಕ್ಕೆ ಇರುತ್ತಾನೆ, ಅದರ ಬಹುಭಾಗ ಮೋಡದ ದಿನಗಳೇ. ಉಳಿದ ತಿಂಗಳುಗಳಲ್ಲಿ ಉತ್ತರದ ಕಿಟಕಿಯಿಂದ ಬರುವುದು ಝಳವಿಲ್ಲದ ಬೆಳಕು.

ಮೆಟ್ಟಿಲಿನ ವಿಷಯ ಬೆಳಕಿನ ಲೆಕ್ಕದಷ್ಟು ಸುಲಭವಾಗಿ ಮುಗಿಯಲಿಲ್ಲ. ಇನ್ನೂ ಮೊದಲೇ ನಮ್ಮವರು, ಬಹಳ ಸಾಮಾನ್ಯ ಮಾತೆಂಬಂತೆ, ಮೆಟ್ಟಿಲನ್ನು ಹೊರಗಿನಿಂದ ಕೊಟ್ಟರೆ ಒಳಗೆ ಜಾಗ ಉಳಿಯುತ್ತದಲ್ಲವೇ ಎಂದಿದ್ದರು. ಮೇಜಿನ ಸುತ್ತ ಕೂತಿದ್ದವರೆಲ್ಲ ಸುಮ್ಮನಾದರು. ಹೊರಮೆಟ್ಟಿಲೆಂದರೆ ಏನೆಂದು ಎಲ್ಲರಿಗೂ ಗೊತ್ತು: ಇಂದಿಗೆ ಜಾಗದ ಉಳಿತಾಯ, ನಾಳೆಗೆ ಮೇಲಿನದು ಬೇರೆ ಮನೆ. ಅಣ್ಣತಮ್ಮಂದಿರು ಬೇರೆಯಾಗುವ ಮಾತನ್ನು ಅಡಿಪಾಯ ತೋಡುವ ಮೊದಲೇ ಆಡಲು ಯಾರಿಗೆ ಬಾಯಿ ಬಂದೀತು? ಹಾಗೆಂದು ಅದನ್ನು ಯೋಚಿಸದೆ ಇರುವುದೂ ಜಾಣತನವಲ್ಲ. ಮಕ್ಕಳು ದೊಡ್ಡವರಾಗುತ್ತಾರೆ, ಸೊಸೆಯಂದಿರು ಬರುತ್ತಾರೆ, ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಡುವ ಅಗತ್ಯವೂ ಬರಬಹುದು. ಮೌನ ಮುರಿದವರು ಅಕ್ಕಾರು. ‘ಮೆಟ್ಟಲಾ ಒಳಗs ಇರ್ಲಿ. ಬಾಗ್ಲಾ ಬೇಕಾದಾಗ ಒಡಕೊಳ್ಳಾಕ ಬರೂಹಂಗ ಇಡ್ರಿ. ಮಾತಾಡೂದೇನೈತಿ ಇದರಾಗ?’ ಎಂದರು. ಇಂಜಿನಿಯರು ಮಾಡಿದ್ದೂ ಅದನ್ನೇ. ಮೆಟ್ಟಿಲಿನ ಬುಡ ಊಟದ ಜಾಗಕ್ಕೇ ಇಳಿಯುತ್ತದೆ, ಮೇಲೆ ಹೋಗುವವರು ಕೆಳಗಿನವರ ಕಣ್ಣಿಗೆ ಬಿದ್ದೇ ಹೋಗುತ್ತಾರೆ. ಆದರೆ ಉತ್ತರದ ಹೊರಗೋಡೆಯಲ್ಲಿ ಆ ಬುಡದ ಪಕ್ಕಕ್ಕೆ ಮೂರೂವರೆ ಅಡಿಯ ಬಾಗಿಲಿಗೆ ಸಾಕಾಗುವ ಲಿಂಟಲ್ (ಬಾಗಿಲ ಮೇಲಿನ ತೊಲೆ) ಈಗಲೇ ಎರಕ ಹಾಕಿ, ಕೆಳಗಿನ ಭಾಗವನ್ನು ಇಟ್ಟಿಗೆಯಿಂದ ಮುಚ್ಚುತ್ತೇವೆ. ಬೇಕಾದ ದಿನ ಇಟ್ಟಿಗೆ ತೆಗೆದರೆ ಬಾಗಿಲು, ಬೇಡವಾದರೆ ಗೋಡೆ. ದೊಡ್ಡ ಕುಟುಂಬಗಳು ಮನೆ ಕಟ್ಟುವಾಗ ಹತ್ತು ಅಡಿ ಗೋಡೆಯೊಳಗೆ ಇಂಥದೊಂದು ಲಿಂಟಲ್ ಹಾಕಿಡುವುದಕ್ಕೆ ಆಗುವ ಖರ್ಚು ತೀರ ಕಡಿಮೆ.

ಮೆಟ್ಟಿಲಿನ ಅಳತೆಯಲ್ಲಿ ನಾವು ಸಂಹಿತೆಯ ಅಂಚಿಗೆ ಹೋಗಲಿಲ್ಲ. ಮನೆಗಳಿಗೆ ಏರು 19 ಸೆಂಟಿಮೀಟರ್‌ವರೆಗೂ ಇರಬಹುದು, ಹೆಜ್ಜೆ 25 ಸೆಂಟಿಮೀಟರ್‌ಗಿಂತ ಕೆಳಗೆ ಇಳಿಯಬಾರದು ಎಂದು ಅದು ಹೇಳುತ್ತದೆ. ನಾವು ಇಪ್ಪತ್ತು ಏರುಗಳನ್ನು ಆರೂಕಾಲು ಇಂಚಿನ ಆಸುಪಾಸಿನಲ್ಲೂ ಹೆಜ್ಜೆಯನ್ನು 11 ಇಂಚಿಗೂ ಇಟ್ಟಿದ್ದೇವೆ, ಅತ್ತೆಯವರ ಮೊಣಕಾಲನ್ನು ನೆನೆದು.

ಹಿರಿಯರ ಕೋಣೆ ನೈಋತ್ಯದಲ್ಲಿ, 12 ಅಡಿಗೆ 14 ಅಡಿ. ಇಲ್ಲಿ ಆಚಾರ್ಯರಿಗೂ ನನಗೂ ಸ್ವಲ್ಪ ತಕರಾರು ನಡೆಯಿತು, ಏಕೆಂದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಪಶ್ಚಿಮದ ಗೋಡೆ ಕುಡಿದ ಬಿಸಿಲನ್ನು ರಾತ್ರಿ ಹತ್ತರವರೆಗೆ ಕೋಣೆಯೊಳಗೆ ಬಿಡುತ್ತಿರುತ್ತದೆ. ವಾಯವ್ಯಕ್ಕೆ ಬದಲಿಸಿದರೂ ಬೇಸಿಗೆಯಲ್ಲಿ ಸೂರ್ಯ ಮುಳುಗುವುದು ಪಶ್ಚಿಮಕ್ಕಿಂತ ಉತ್ತರಕ್ಕೆ ಸರಿದು ಎಂಬುದರಿಂದ ಹೆಚ್ಚು ಲಾಭವಿರಲಿಲ್ಲ. ಆದ್ದರಿಂದ ದಿಕ್ಕನ್ನು ಅವರಿಗೆ ಬಿಟ್ಟು, ಗೋಡೆಯನ್ನು ನಾನು ಇಟ್ಟುಕೊಂಡೆ: ಪಶ್ಚಿಮದ ಗೋಡೆಯ ಉದ್ದಕ್ಕೂ ಬಟ್ಟೆಯ ಕಪಾಟು, ಗಾಳಿಗೆ ಮೇಲುಗಡೆ ಒಂದು ಸಣ್ಣ ಕಿಟಕಿ, ದೊಡ್ಡ ಕಿಟಕಿ ದಕ್ಷಿಣಕ್ಕೆ, ಅದರ ಮೇಲೆ ಎರಡೂವರೆ ಅಡಿಯ ಸಜ್ಜಾ. ಹಿಂದೆ ಬಿಟ್ಟ ಹತ್ತು ಅಡಿಯಲ್ಲಿ ಬೇವಿನ ಸಸಿ.

ಆ ಕೋಣೆಯ ಬಚ್ಚಲನ್ನು 6 ಅಡಿಗೆ 8 ಅಡಿ ಮಾಡಿದ್ದೇವೆ, ಬಾಗಿಲು ಮೂರು ಅಡಿ, ಹೊರಕ್ಕೆ ತೆರೆಯುವಂಥದು. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲು ಅವರ ದೇಹಕ್ಕೇ ತಡೆದು ನಿಲ್ಲುತ್ತದೆ ಎಂಬುದನ್ನು ಅನೇಕರು ಯೋಚಿಸುವುದಿಲ್ಲ. ಗಾಲಿಕುರ್ಚಿ ತಿರುಗಲು 1.5 ಮೀಟರ್ ವ್ಯಾಸದ ಜಾಗ ಬೇಕು. ಮಾವನವರು ಇಂದು ಕೋಲನ್ನೂ ಹಿಡಿಯುವುದಿಲ್ಲ, ಆದರೆ ಮನೆ ನಿಲ್ಲುವುದು ಇಂದಿನ ಒಂದು ದಿನಕ್ಕಲ್ಲ. ಹೊಸ್ತಿಲು ಇರುವುದು ಎರಡೇ ಕಡೆ, ತಲೆಬಾಗಿಲಿಗೆ ಮತ್ತು ದೇವರ ಕೋಣೆಗೆ. ಉಳಿದೆಲ್ಲ ಬಾಗಿಲುಗಳಲ್ಲಿ ನೆಲ ಸಮ. ಮನೆಯ ಮುಂದಿನ ಕಟ್ಟೆಗೆ ಏರಲು ಮೆಟ್ಟಿಲಿನ ಜೊತೆಗೆ ಇಳಿಜಾರು ದಾರಿಯೂ ಇದೆ. ಹೊರಗಿನ ನೆಲದಿಂದ ಮನೆಯ ನೆಲದ ಎತ್ತರ 18 ಇಂಚು. ಒಂದಕ್ಕೆ ಹನ್ನೆರಡರ ಇಳಿಜಾರಿಗೆ 18 ಅಡಿ ಉದ್ದ ಬೇಕಾದ್ದರಿಂದ ಅದು ಮುಂದಿನ 15 ಅಡಿಯಲ್ಲಿ ನೇರವಾಗಿ ಹಿಡಿಸದೆ, ಅಡುಗೆಮನೆಯ ಕಿಟಕಿಯ ಕೆಳಗೆ ಅಡ್ಡಲಾಗಿ ಸಾಗಿ ಕಟ್ಟೆಯನ್ನು ಸೇರುತ್ತದೆ. ತಲೆಬಾಗಿಲಿನ ಹೊಸ್ತಿಲನ್ನು ಮುಕ್ಕಾಲು ಇಂಚಿಗೆ ಇಳಿಸಲು ಅತ್ತೆಯವರು ಒಪ್ಪಿದ್ದಾರೆ. ಅರಿಸಿನ ಕುಂಕುಮ ಹಚ್ಚಲು ಅಷ್ಟು ಸಾಕಂತೆ.

ಅಕ್ಕಾರಿಗೆ ವಾಯವ್ಯದಲ್ಲಿ 10 ಅಡಿಗೆ 12 ಅಡಿಯ ಕೋಣೆ. ಊರಿನಿಂದ ಹೆಂಗಸರು ಬಂದರೆ ಅಲ್ಲಿಯೇ ಮಲಗುತ್ತಾರೆ, ಗಂಡಸರು ಪಡಸಾಲೆಯಲ್ಲಿ. ಅತಿಥಿಗಳಿಗೆಂದೇ ಕೋಣೆ ಬೇಡವೆಂದು ಅಕ್ಕಾರೇ ಹೇಳಿದರು. ಬಂದವರು ಬೇರೆ ಕೋಣೆಯಲ್ಲಿ ಕೂತರೆ ಊರ ಸುದ್ದಿ ಹೇಳುವವರು ಯಾರು ಎಂಬುದು ಅವರ ತರ್ಕ. ಪಡಸಾಲೆ ಕೊನೆಗೆ 12 ಅಡಿಗೆ 14 ಅಡಿಗೆ ಇಳಿಯಿತು, ಈಶಾನ್ಯದ ಕಡೆ, ಮುಂದೆ ಐದು ಅಡಿಯ ಕಟ್ಟೆ. ಟಿವಿ ಇರುವುದರಿಂದ ಪಡಸಾಲೆಗೂ ಊಟದ ಜಾಗಕ್ಕೂ ನಡುವೆ ಜಾರುವ ಬಾಗಿಲು ಇದೆ. ಚಪ್ಪಲಿಯ ಗೂಡು ಕಟ್ಟೆಯ ಮೇಲೆ, ಹೊರಗೇ. ಹನ್ನೊಂದು ಮಂದಿಯ ಚಪ್ಪಲಿ, ಬೂಟು, ಮಳೆಗಾಲದ ಜೋಡು ಎಂದರೆ ಮೂವತ್ತು ಜೊತೆಗೆ ಕಡಿಮೆ ಇಲ್ಲ.

ನೀರಿನ ಟಾಕಿಯನ್ನು ಗೇಟಿನ ಬಳಿ ಈಶಾನ್ಯದಲ್ಲಿ ನೆಲದೊಳಗೆ ಇಡುತ್ತೇವೆ. ತಲೆಗೆ ದಿನಕ್ಕೆ 135 ಲೀಟರಿನಂತೆ ನಮಗೆ ಸುಮಾರು 1,500 ಲೀಟರ್ ಬೇಕು. 10,000 ಲೀಟರಿನ ಟಾಕಿ ತುಂಬಿದರೆ ಆರೇಳು ದಿನ ನಿಶ್ಚಿಂತೆ. ಪುಣೆಯ ಹೊರವಲಯದಲ್ಲಿ ಬೇಸಿಗೆಯೆಂದರೆ ಟ್ಯಾಂಕರ್. ಅದರ ಪೈಪು ಮನೆಯ ಪಕ್ಕದಲ್ಲೆಲ್ಲ ಎಳೆದಾಡದೆ ಗೇಟಿನಲ್ಲೇ ಇಳಿಯುವಂತಿರಬೇಕು.

ನಕಾಶೆ ಇಷ್ಟಕ್ಕೆ ಬಂದ ಮೇಲೆ ಒಂದು ರವಿವಾರ ಜಾಗದಲ್ಲಿ ಹಗ್ಗ ಕಟ್ಟಿ, ಸುಣ್ಣದ ಪುಡಿ ಉದುರಿಸಿ, ನಿಜವಾದ ಅಳತೆಯಲ್ಲೇ ಗೋಡೆಗಳನ್ನು ಗುರುತು ಮಾಡಿಸಿ ಎಲ್ಲರನ್ನೂ ಕರೆದುಕೊಂಡು ಹೋದೆವು. ಬಯಲಲ್ಲಿ ಎಳೆದ ಕೋಣೆ ಯಾವಾಗಲೂ ಇರುವುದಕ್ಕಿಂತ ಸಣ್ಣದಾಗಿ ಕಾಣುತ್ತದೆಂದು ಮೊದಲೇ ಹೇಳಿಟ್ಟಿರದಿದ್ದರೆ ಅಲ್ಲಿಯೇ ಜಗಳವಾಗುತ್ತಿತ್ತು. ಅತ್ತೆಯವರು ಅಡುಗೆಮನೆಯ ಗೆರೆಯೊಳಗೆ ನಿಂತು ಬಲಕ್ಕೆ ತಿರುಗಿ ಉಗ್ರಾಣ, ಎಡಕ್ಕೆ ತಿರುಗಿ ಗೇಟು, ಹಿಂದಕ್ಕೆ ತಿರುಗಿ ಊಟದ ಜಾಗ ಎಂದು ಕೈ ಮಾಡಿ ನೋಡಿದರು. ಊಟದ ಜಾಗದ ಬಾಗಿಲು ಒಂದಡಿ ಈಚೆ ಬರಲಿ, ಪಾತ್ರೆ ಹಿಡಿದು ತಿರುಗುವಾಗ ಮೊಣಕೈ ತಾಗುತ್ತದೆ ಎಂದರು. ಕಾಗದದ ಮೇಲೆ ಆ ಒಂದಡಿ ಯಾರಿಗೂ ಕಂಡಿರಲಿಲ್ಲ. ಮಾವನವರು ತಮ್ಮ ಕೋಣೆಯಿಂದ ಬಚ್ಚಲಿಗೆ ಹೆಜ್ಜೆ ಎಣಿಸಿದರು. ಮಕ್ಕಳು ಮಾತ್ರ ಗೋಡೆಗಳ ಮೂಲಕವೇ ಓಡಾಡಿ ಸುಣ್ಣವನ್ನೆಲ್ಲ ಅಳಿಸಿಹಾಕಿದರು.

ತಿದ್ದಿದ ನಕಾಶೆ ಈಗ ಮಂಜೂರಾತಿಗೆ ಹೋಗಿದೆ. ಎರಡು ಮನೆ ಒಂದಾಗುವಾಗ ವಸ್ತುಗಳೆಲ್ಲ ಎರಡೆರಡು ಎಂಬ ಚಿಕ್ಕ ಪ್ರಶ್ನೆ ಮಾತ್ರ ಉಳಿದಿತ್ತು. ಎರಡನೆಯ ಫ್ರಿಜ್ಜಿಗೆ ಪಾತ್ರೆ ತಿಕ್ಕುವ ಜಾಗದ ಪಕ್ಕದಲ್ಲಿ ಎರಡೂವರೆ ಅಡಿ ಸಿಕ್ಕಿತು. ಎರಡನೆಯ ಬಟ್ಟೆಯ ಯಂತ್ರ ಮೇಲಿನ ಬಚ್ಚಲಿಗೆ ಹೋಗುತ್ತದೆ. ಇನ್ವರ್ಟರ್ ಎರಡೂ ಮೆಟ್ಟಿಲಿನ ಕೆಳಗೆ. ಸೋಫಾದ ವಿಷಯ ನಾಜೂಕಿನದು, ಏಕೆಂದರೆ ಒಂದು ನನ್ನದು, ಒಂದು ನೆಗೆಣ್ಣಿಯದು, ಪಡಸಾಲೆಯಲ್ಲಿ ಹಿಡಿಸುವುದು ಒಂದೇ. ಎರಡನ್ನೂ ಅಳೆದೆವು, ಅವಳದು ಏಳೂವರೆ ಅಡಿ, ನನ್ನದು ಆರು. ಮೆಟ್ಟಿಲಿನ ತಿರುವಿನಲ್ಲಿ ಏಳೂವರೆ ಅಡಿಯ ಸೋಫಾ ತಿರುಗುವುದಿಲ್ಲವೆಂದು ಇಂಜಿನಿಯರು ಹೇಳಿದ್ದರಿಂದ ಅವಳದು ಕೆಳಗೆ ಉಳಿಯುತ್ತದೆ, ನನ್ನದು ಮೇಲೆ ಹೋಗುತ್ತದೆ.